ಹನ್ನೊಂದನೆಯ ಗುರುತು

ಕಿಸುಮು ಪಟ್ಟಣದಲ್ಲಿ ನನ್ನದೊಂದು ಶಿಶುವಿಹಾರವಿದೆ. ರೋಸ್‌ಬೆಲ್‌ಳನ್ನು ಆಯಾ ಕೆಲಸಕ್ಕೆ ಸೇರಿಸಿಕೊಂಡಾಗ ಪೊಲೀಸರ ಸನ್ನಡತೆ ಪತ್ರ ಕೇಳಲಿಲ್ಲ. ಚರ್ಚಿನಲ್ಲಿ ನನ್ನ ಪಕ್ಕವೇ ನಿಂತು ಹಾಡುವವಳನ್ನು ಯಾವ ಬಾಯಲ್ಲಿ ಕೇಳಲಿ? ನಮ್ಮಲ್ಲಿ ಬಿಟ್ಟಿದ್ದ ಏಳು ತಿಂಗಳ ಕೂಸು ಅವೂರ್ ಅವಳ ಕೈಯಲ್ಲೇ ತೀರಿಕೊಂಡಳು. ಹಿಂದಿನ ಊರಿನಲ್ಲೂ ಅವಳ ಕೈಯಲ್ಲಿ ಒಂದು ಮಗು ಹೋಗಿತ್ತೆಂದು ಆಮೇಲೆ ತಿಳಿಯಿತು.

ಅಲ್ಲಿಂದ ಮುಂದೆ ಕೆಲಸಕ್ಕೆ ಬಂದವರನ್ನೆಲ್ಲ ಆ ಪತ್ರಕ್ಕಾಗಿ ಬೆರಳಚ್ಚು ಕೊಡಲು ನಾನೇ ಠಾಣೆಗೆ ಕರೆದೊಯ್ದೆ. ಮೊದಲು ಬಂದವಳು ಲೆನ್ಸರ್. ಹಾಳೆಯಲ್ಲಿ ಅವಳ ಹತ್ತು ಬೆರಳಚ್ಚುಗಳ ಪಕ್ಕ ಹೆಸರುಕಾಳಿನಷ್ಟು ಚಿಕ್ಕದೊಂದು ಗುರುತು ಮೂಡಿತ್ತು. ಕಾಗದಕ್ಕೆ ಹಾಲಿನ ವಾಸನೆಯಿತ್ತು.

“ಯಾರ ಕೂಸಮ್ಮಾ, ಹಾಳೆ ಮುಟ್ಟಿದ್ದು?” ಪೊಲೀಸಿನವನು ಗದರಿದ.

“ಕೂಸೆಲ್ಲಿದೆ ಸಾರ್, ನಾವಿಬ್ರೇ ಬಂದಿರೋದು,” ಅಂದಳು ಲೆನ್ಸರ್.

ಆಮೇಲಿನ ನಾಲ್ವರ ಹಾಳೆಯಲ್ಲೂ ಆ ಗುರುತು ಬಂತು. ಅವೂರ್ ಅವರನ್ನು ಒಪ್ಪಿದಳೆಂದುಕೊಂಡೆ. ಕಳೆದ ವಾರ ನಾನೂ ಬೆರಳೊತ್ತಿದೆ. ಶಾಯಿ ಆರುವವರೆಗೂ ಕಾದು ಕೂತೆ.

ನನ್ನ ಹಾಳೆಯಲ್ಲಿ ಹತ್ತೇ ಇದ್ದವು.