ಕಪಾಟಿನಾಗಿನ ನೀರು

ಗಂಗಾಪುರ ಡ್ಯಾಮಿನಾಗ ನೀರಿನ ಗುಣಮಟ್ಟ ನೋಡ್ಲಿಕ್ಕೆ ನಾ ಒಂಬತ್ತು ಕಡೆ ಸೆನ್ಸರ್ ಇಡಿಸಿದ್ದೆ. ಸಂಭಾಜಿನಗರದಿಂದ ವರ್ಗವಾಗಿ ಬಂದ ವಿಭಾ, "ಐದು ಸಾಕ್ರೀ ಸರ್, ಉಳಿದವು ಹೇಳಿದ್ದನ್ನೇ ಹೇಳ್ತಾವ" ಅಂದಳು. ಸಾಹೇಬರು ಆಕಿ ಬೆನ್ನು ತಟ್ಟಿದರು. ಉಳಿದ ನಾಲ್ಕನ್ನ ನಾನೇ ನಿಂತು ಕೀಳಿಸಬೇಕಾತು.

ಕಿತ್ತ ಸೆನ್ಸರ್ ಒಂದರ ಬ್ಯಾಟರಿ ಬಿಚ್ಚಿ ಮನ್ಯಾಗ ಕಪಾಟಿನೊಳಗ ಇಟ್ಟೆ. ಮರುದಿನ ಮುಂಜಾನೆ ಚಹಾ ಕುಡಿಯುವಾಗ ಮೊಬೈಲಿಗೆ ಅದರ ರೀಡಿಂಗ್ ಬಂತು: ತನ್ನ ಮ್ಯಾಲ ಎರಡಡಿ ನೀರು, ಭಾಳ ತಣ್ಣಗ. ಕಪಾಟು ತೆಗೆದೆ. ಹೆಂಡತಿ ಸೀರಿ ಎಲ್ಲಾ ಒಣಗೇ ಇದ್ದವು. ಪಾಚಿ ವಾಸನಿ ಮಾತ್ರ ಗಪ್ಪಂತ ಹೊಡೀತು.

ವಿಭಾಳಿಗೆ ಹೇಳಿಲ್ಲ. ಹೇಳಿದರ ಇದನ್ನೂ ತನ್ನ ಐದರಾಗ ಸೇರಿಸ್ಕೋತಾಳ. ಆಕಿವು ಹೇಳಿದ್ದನ್ನೇ ಹೇಳ್ತಾವ, ನಂದು ದಿನಾ ಹೊಸಾದು ಹೇಳ್ತದ.

ಇವತ್ತು ಹನ್ನೆರಡಡಿ ನೀರು ತೋರಸ್ಲಿಕ್ಕತ್ತದ. ನಮ್ಮ ಮನಿ ಛಾವಣಿ ಹತ್ತೇ ಅಡಿ ಎತ್ತರ ಅದ.