ಮೂರನೆಯ ಅಂಕದ ಮರೆವು

ಗ್ಲೇಬ್ ಸವೇಲ್ಯೆವಿಚ್ ಮತ್ತೆ ಅದೇ ಜಾಗದಲ್ಲಿ ತಡವರಿಸಿ ನಿಂತ.

ವೇದಿಕೆಯ ಅಂಚಿನಲ್ಲಿ, ನೆಲದಡಿಯ ಪುಟ್ಟ ಗೂಡಿನಲ್ಲಿ ನಾಟಕದ ಪ್ರತಿ ಹಿಡಿದು ಕೂರುವ ರಿಮ್ಮಾಳಿಗೆ ಅವನ ಮುಖಕ್ಕಿಂತ ಮೊದಲು ಕಾಣುತ್ತಿದ್ದುದು ಬೂಟುಗಳು. ಎಡ ಬೂಟಿನ ತುದಿ ತುಸು ಒಳಕ್ಕೆ ತಿರುಗಿದರೆ ಮಾತು ಮರೆತಿದ್ದಾನೆಂದು ಅರ್ಥ. ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುವುದೇ ಅವಳ ಕೆಲಸ.

"ಹೋಗಬೇಡ ಅನ್ನು. ಹೋಗೋದಿಲ್ಲ," ಎಂದು ಅವನ ಸಾಲನ್ನು ಇದ್ದ ಹಾಗೆಯೇ ಪಿಸುಗುಟ್ಟಿದಳು.

ಅವನ ಕಣ್ಣು ಒಂದು ಕ್ಷಣ ಗೂಡಿನತ್ತ ಇಳಿಯಿತು. ಆಮೇಲೆ ರೈಲು ನಿಲ್ದಾಣದ ದೃಶ್ಯದಲ್ಲಿ ಎದುರು ನಿಂತಿದ್ದ ನಾಯಕಿಯತ್ತ ತಿರುಗಿ ಅದನ್ನೇ ಹೇಳಿದ. ನಾಟಕದ ಪ್ರಕಾರ ನಾಯಕಿ ಮಾತಾಡುವುದಿಲ್ಲ. ರೈಲು ಕೂಗುತ್ತದೆ, ಗ್ಲೇಬ್‌ನ ಪಾತ್ರವಾದ ಎಂಜಿನಿಯರ್ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋಗುತ್ತಾನೆ.

ಕಸ್ತ್ರೊಮಾ ಊರಿನ ಆ ರಂಗಮಂದಿರದಲ್ಲಿ ಗ್ಲೇಬ್ ವರ್ಷಗಟ್ಟಲೆ ತಟ್ಟೆ ಹಿಡಿದು ಬರುವ ಆಳಿನ ಪಾತ್ರಗಳನ್ನೇ ಮಾಡಿದ್ದ. ಈ ಎಂಜಿನಿಯರನ ಪಾತ್ರ ಸಿಕ್ಕಿದ ಮೇಲೆ ಲೆನಿನ್‌ಗ್ರಾದಿನಿಂದ ಯಾರೋ ನೋಡಿಹೋದರು, ಬೇಸಿಗೆಯಲ್ಲಿ ಒಂದು ಸಿನಿಮಾ ಕೊಟ್ಟರು. ಉದ್ದುದ್ದ ಸಂಭಾಷಣೆ ಬಾಯಿಪಾಠ ಒಪ್ಪಿಸುವ ಮನುಷ್ಯ ಇಷ್ಟೊಂದು ಸಣ್ಣ ಸಾಲನ್ನು ಮರೆಯುವುದು ಹೇಗೆ? ರಿಮ್ಮಾ ಇದನ್ನು ಲೆಕ್ಕದ ಸಮಸ್ಯೆಯಂತೆ ಬಿಡಿಸಲು ಕೂತಳು. ದಣಿವೆನ್ನೋಣವೆಂದರೆ ದಣಿದವರು ಎಲ್ಲೆಂದರಲ್ಲಿ ಮರೆಯುತ್ತಾರೆ. ಇವನದು ಒಂದೇ ಜಾಗ, ಪ್ರತಿ ಸಲವೂ.

ಸಿನಿಮಾ ಊರಿಗೆ ಬಂದ ದಿನ ಅವಳು ಉಡುಪು ನೋಡಿಕೊಳ್ಳುವ ಮುದುಕಿ ಫಾಯಿನಾಳ ಜೊತೆ ಹೋದಳು. ತೆರೆಯ ಮೇಲೆ ಗ್ಲೇಬ್‌ನ ಮುಖ ದೊಡ್ಡದಾಗಿ ಬಂತು. ತುಟಿ ಅರಳಿತು. "ನಿನ್ನನ್ನು ಪ್ರೀತಿಸುತ್ತೇನೆ" ಎಂದಿತು.

ದನಿ ಬೇರೆ ಯಾರದೋ.

ಗಟ್ಟಿಯಾದ, ಮಿನುಗುವ ದನಿ. ತಾನು ಮೆಚ್ಚಿಕೊಂಡದ್ದು ಈ ಮುಖವನ್ನೋ, ಆ ಕಾಣದ ದನಿಯನ್ನೋ, ಅಥವಾ ಬರೀ ಬೂಟುಗಳನ್ನೋ? ರಿಮ್ಮಾ ಎದ್ದು ಹೊರಬಂದಳು.

ಹಿಂದಿನ ಸಾಲಿನಲ್ಲಿದ್ದ ಗ್ಲೇಬ್ ಟೋಪಿಯನ್ನೂ ಮರೆತು ಹಿಮದೊಳಗೆ ಓಡಿಬಂದ.

"ಅಷ್ಟು ಕೆಟ್ಟದಾಗಿ ಮಾಡಿದ್ದೀನಾ, ರಿಮ್ಮಾ ವಸೀಲ್ಯೆವ್ನಾ?"

"ಅದು ಯಾರ ದನಿ?"

"ಯಾರೋ ಲೆನಿನ್‌ಗ್ರಾದಿನವರು. ಚೆನ್ನಾಗಿದೆ ಅಲ್ವಾ?"

"ನಿಮ್ಮದಲ್ಲ."

"ದನಿ ಸೇರಿಸೋ ದಿನ ಇಲ್ಲಿ ನಾಟಕ ಇತ್ತು. ರಜಾ ಸಿಗಲಿಲ್ಲ." ಹೀಗೆ ಹೇಳುವಾಗ ಅವನು ಅವಳ ಸ್ಕಾರ್ಫಿನ ಮೇಲಿನ ಹಿಮವನ್ನು ನೋಡುತ್ತಿದ್ದ. "ಸ್ಟುಡಿಯೋದವರು ಕಾಯಂ ಆಗಿ ಬಾ ಅಂತಿದ್ದಾರೆ. ನಾಳೆ ನಾಟಕ ಮುಗಿದ ಮೇಲೆ ರೈಲಿದೆ. ಏನ್ ಮಾಡಲಿ?"

ಯಾವ ಬಸ್ಸು ಹತ್ತಲಿ ಎಂದು ಕೇಳಿದ ಹಾಗಿತ್ತು. ಅವಳ ನಾಲಿಗೆಯ ತುದಿಗೆ ಬಂದದ್ದು ಒಂದು, ಬಾಯಿಂದ ಬಿದ್ದದ್ದು ಇನ್ನೊಂದು. "ಹೋಗಿ. ಇಂಥದ್ದು ದಿನಾ ಸಿಗಲ್ಲ."

"ಅಷ್ಟೇನಾ?"

"ಇನ್ನೇನು ಹೇಳಬೇಕಿತ್ತು?"

"ಏನಿಲ್ಲ." ಅವನು ನಕ್ಕ. "ಗೂಡಲ್ಲಿ ಕೂತಾಗ ಚೆನ್ನಾಗಿ ಹೇಳ್ಕೊಡ್ತೀರಿ ನೀವು."

ಅದು ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ರಿಮ್ಮಾ ಮನೆಗೆ ನಡೆದಳು.

ಮರುದಿನ ಫಾಯಿನಾ ಎಂಜಿನಿಯರನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಪಕ್ಕದಲ್ಲಿ ಚಹಾ, ಚೆರ್ರಿ ಹಣ್ಣಿನ ಜಾಮ್.

"ರಜಾ ಸಿಗಲಿಲ್ಲ ಅಂದನಾ? ಕಳ್ಳ. ನಮ್ಮ ಡೈರೆಕ್ಟರ್ ಪ್ರೋಖರ್ ಇಲ್ಯಿಚ್ ತಾವಾಗೇ ಹೋಗಿಬಾ ಅಂದ್ರು. ಇವನೇ ಒಲ್ಲೆ ಅಂದ. ಆ ಸಂಜೆ ನಾಟಕ ಬಿಡಲ್ಲ ಅಂತ."

"ಯಾಕೆ?"

"ನನ್ನ ಕೇಳ್ತೀಯಲ್ಲೇ ಮಗಳೇ. ಇನ್ನೊಂದು ಕೇಳು. ನೀನು ಜ್ವರ ಬಂದು ಮಲಗಿದ್ದೆಯಲ್ಲ, ನಿನ್ನ ಬದಲು ಕ್ಲಾವ್ದಿಯಾ ಗೂಡಿನಲ್ಲಿ ಕೂತಿದ್ದಳು. ಅವತ್ತು ಮೂರನೇ ಅಂಕದಲ್ಲಿ ಅವನು ನಿಲ್ಲಲೇ ಇಲ್ಲ. ನೀರು ಕುಡಿದಷ್ಟು ಸಲೀಸಾಗಿ ಹೇಳ್ಬಿಟ್ಟ."

ರಿಮ್ಮಾ ಚಹಾದ ಲೋಟ ಕೆಳಗಿಟ್ಟಳು. ಕ್ಲಾವ್ದಿಯಾ ಇದ್ದರೆ ಮರೆವಿಲ್ಲ, ತಾನಿದ್ದರೆ ಮರೆವು. ಅಂದರೆ ಮರೆವಿಗೆ ಕಾರಣ ತಾನೇ. ಪ್ರತಿ ಸಲ ಅವಸರಪಟ್ಟು ಹೇಳಿಕೊಟ್ಟು ಒಬ್ಬ ಒಳ್ಳೆಯ ನಟನಿಗೆ ಕೆಟ್ಟ ಅಭ್ಯಾಸ ಮಾಡಿಸಿದ್ದಾಳೆ. ಲೆನಿನ್‌ಗ್ರಾದಿನ ಕ್ಯಾಮೆರಾ ಮುಂದೆ ಗೂಡಿರುವುದಿಲ್ಲ. ಇವತ್ತು ಬಾಯಿ ಬಿಡಬಾರದು. ಅವನು ತಾನೇ ನೆನಪಿಸಿಕೊಂಡು ಹೇಳಲಿ, ವಾಸಿಯಾಗಿ ಹೋಗಲಿ. ಅವಳು ಕೊಡಬಹುದಾದ ಉಡುಗೊರೆ ಅದೊಂದೇ.

"ಮುಖ ಯಾಕೆ ಹಾಗಾಯ್ತು?" ಎಂದಳು ಫಾಯಿನಾ.

"ಚಹಾ ಬಿಸಿ."

"ಆಗಲೇ ಆರಿಹೋಗಿದೆ ಕಣೇ."

ಸಂಜೆ ಮೂರನೆಯ ಅಂಕ. ನಿಲ್ದಾಣ, ಕಾಗದದ ಹಿಮ. ಗ್ಲೇಬ್ ನಡೆದುಬಂದ. ಎಡ ಬೂಟಿನ ತುದಿ ಒಳಕ್ಕೆ ತಿರುಗಿತು.

ರಿಮ್ಮಾ ತುಟಿ ಕಚ್ಚಿಕೊಂಡಳು.

ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ನಾಯಕಿಯ ಪಾತ್ರದ ತಮಿಲಾ ಗೂಡಿನತ್ತ ಕೆಂಗಣ್ಣು ಬಿಟ್ಟಳು. ಗ್ಲೇಬ್ ಕಾಯುತ್ತಿದ್ದ. ಅವನ ಮುಖದಲ್ಲಿ ಮರೆತವನ ಗಾಬರಿ ಇರಲಿಲ್ಲ. ಬಾಗಿಲು ತಟ್ಟಿ, ಒಳಗಿನ ಹೆಜ್ಜೆ ಸದ್ದಿಗೆ ಕಿವಿಗೊಟ್ಟವನ ಹಾಗೆ ನಿಂತಿದ್ದ.

ಆಗ ಅವಳ ಲೆಕ್ಕವೆಲ್ಲ ತಲೆಕೆಳಗಾಯಿತು. ಕ್ಲಾವ್ದಿಯಾ ಇದ್ದಾಗ ಅವನು ನಿಲ್ಲದೆ ಇದ್ದದ್ದು ಕ್ಲಾವ್ದಿಯಾಳಿಂದ ಕೇಳಬೇಕಾದ್ದು ಏನೂ ಇಲ್ಲದ್ದರಿಂದ.

ಗ್ಲೇಬ್ ತಮಿಲಾಳನ್ನು ಬಿಟ್ಟು ಮುಂದೆ ಬಂದ. ದೀಪಗಳ ಅಂಚಿಗೆ ಬಂದು ಮಂಡಿಯೂರಿದ. ಗೂಡಿನ ಕತ್ತಲೆಯನ್ನೇ ನೋಡುತ್ತ, ಯಾರೂ ಹೇಳಿಕೊಡದೆಯೇ, ತುಸು ಒಡಕಲಾದ ತನ್ನದೇ ದನಿಯಲ್ಲಿ ಅಂದ:

"ಹೋಗಬೇಡ ಅನ್ನು. ಹೋಗೋದಿಲ್ಲ."

ಅವಳ ಕೈಯಿಂದ ಪ್ರತಿ ಜಾರಿ ಬಿತ್ತು. ಬಿದ್ದ ಪ್ರತಿಯ ಮೇಲೆ ಆ ಕ್ಷಣವೇ ಕೂತುಬಿಡಬೇಕು, ಇಲ್ಲವಾದರೆ ನಾಟಕ ಕೆಡುತ್ತದೆಂಬುದು ರಂಗದವರ ನಂಬಿಕೆ. ಯಾವ ರಂಗಮಂದಿರದಲ್ಲೂ ಇದನ್ನು ಮರೆತವರಿಲ್ಲ. ರಿಮ್ಮಾ ಕೂರಲಿಲ್ಲ. ಪ್ರತಿಯಲ್ಲಿ ಎಲ್ಲೂ ಇಲ್ಲದ ಒಂದೇ ಒಂದು ಮಾತನ್ನು ಪಿಸುಗುಟ್ಟಿದಳು.

"ಹೋಗಬೇಡ."

ರೈಲು ಕೂಗಿತು. ಗ್ಲೇಬ್ ಎದ್ದ, ಪೆಟ್ಟಿಗೆ ಎತ್ತಿಕೊಂಡ, ನಾಟಕದಲ್ಲಿದ್ದ ಹಾಗೆಯೇ ಹೊರಟುಹೋದ. ಪರದೆ ಬಿತ್ತು. ಚಪ್ಪಾಳೆ ಎದ್ದಿತು, ನಿಂತಿತು.

ಅವನಿಗೆ ಕೇಳಿಸಿತೇ? ಕೇಳಿಸಿಯೂ ಹೋದನೇ? ದೊಡ್ಡ ಅವಕಾಶವನ್ನು ಕಾಲಿನಿಂದ ಒದೆಯುವಂತೆ ಮಾಡಿದೆನೇ? ಅವಳು ಧೂಳಿನಲ್ಲೇ ಕೂತಿದ್ದಳು. ಕೊನೆಗೆ ಗೂಡಿನ ಎದುರು ಎರಡು ಬೂಟುಗಳು ಬಂದು ನಿಂತವು. ಪಕ್ಕದಲ್ಲಿ ಪೆಟ್ಟಿಗೆ ಇಳಿಯಿತು.

"ನಿಮ್ಮ ರೈಲು?"

"ಹೋಯ್ತು ಅಂತ ಕಾಣುತ್ತೆ." ಅವನು ಬಗ್ಗಿ ಒಳಗೆ ಇಣುಕಿದ. "ಪ್ರತಿ ಕೆಳಗೆ ಬಿದ್ದಿದೆ. ಕೂರಲಿಲ್ವಾ?"

"ಮರೆತೆ."

"ನೀನು ಮರೆತೆಯಾ?"

"ಲೆನಿನ್‌ಗ್ರಾದ್ ಬಿಟ್ಟದ್ದಕ್ಕೆ ನಾಳೆ ನನ್ನನ್ನೇ ಬೈತೀಯ."

"ಗೊತ್ತಿಲ್ಲ. ಬೈದರೂ ಬೈದೇನು." ಅವನು ಹೆಗಲು ಓರೆ ಮಾಡಿಕೊಂಡು ಕಿರಿದಾದ ಗೂಡಿನೊಳಕ್ಕೆ ನುಸುಳಿದ. "ಈಗ ಸ್ವಲ್ಪ ಸರಿ. ನಾಟಕ ಕೆಡಬಾರದಲ್ಲ."

ರಿಮ್ಮಾ ಸರಿದಳು. ಬಿದ್ದ ಪ್ರತಿಯ ಮೇಲೆ ಇಬ್ಬರೂ ಒತ್ತಿಕೊಂಡು ಕೂತರು.