ಐದನೆಯವಳು

"ಐದಾತು! ಐದಾತು ನೋಡ್ರಿ! ಒಬ್ರು ಆಚಿಗೆ ನಡೀರಿ!"

ಪೀಣ್ಯದ ಆ ಟೀ ಅಂಗಡಿಯಲ್ಲಿ ಮಹಾಂತಮ್ಮ ಸೌಟು ಎತ್ತಿ ಕೂಗಿದಾಗ ವೇಣಿ ಸುತ್ತ ನೋಡಿದಳು. ಎಲ್ಲರ ಕಣ್ಣೂ ತನ್ನ ಮೇಲೆಯೇ!

"ನಾನಾ? ಯಾಕೆ?"

"ಆರ್ಡರ್ ಇದೆ ಮೇಡಂ," ಎಂದ, ಗ್ರೀಸ್ ಮೆತ್ತಿದ ಕೈಯಲ್ಲಿ ಗ್ಲಾಸು ಹಿಡಿದಿದ್ದ ಯುವಕ. "ಐದು ಜನ ಒಟ್ಟಿಗೆ ನಿಂತ್ರೆ ಗುಂಪು. ನೀವು ಐದನೆಯವರು."

"ಟೀ ಕುಡಿಯೋಕೆ ನಿಂತ್ರೂ ಗುಂಪಾ? ಯಾವ ಕಾನೂನ್ರೀ ಅದು? ನಾನು ಲಾ ಓದ್ತಿದೀನಿ!"

"ಒಳ್ಳೇದಾಯ್ತು. ಜೀಪ್ ಬಂದಾಗ ಅವರಿಗೇ ಹೇಳಿ. ನಮಗೆ ಹೇಳಿದ್ರೆ ನಾವು ತಕ್ಷಣ ಒಪ್ಕೊಂಡ್ಬಿಡ್ತೀವಿ, ಪ್ರಯೋಜನ ಇಲ್ಲ!"

ಉಳಿದವರು ಗೊಳ್ಳೆಂದು ನಕ್ಕರು. ವೇಣಿಯ ಕಿವಿ ಬಿಸಿಯಾಯಿತು. ಎಷ್ಟು ಸೊಕ್ಕು ಇವನಿಗೆ!

ಆದರೆ ಮರುಕ್ಷಣವೇ ಅವನು ಗ್ಲಾಸಿನೊಂದಿಗೆ ರಸ್ತೆಗಿಳಿದ. ಸುಡುವ ಬಿಸಿಲಲ್ಲಿ, ಲಾರಿಗಳು ಎಬ್ಬಿಸುವ ಧೂಳಲ್ಲಿ ನಿಂತು, "ಈಗ ನಾಲ್ಕೇ ಜನ. ಆರಾಮಾಗಿ ಕುಡೀರಿ" ಎಂದ.

ವೇಣಿ ಅರ್ಧ ಟೀ ಹಾಗೇ ಬಿಟ್ಟು ಬಸ್ಸಿನತ್ತ ನಡೆದಳು...

ಅವನ ಹೆಸರು ಲಿಖಿತ್. ಮಾಕಳಿಯ ಹುಡುಗ, ಎದುರಿನ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸ. ಅಲ್ಲಿನ ಮಷಿನ್ನಿಗೆ ಒಬ್ಬನ ಬೆರಳುಗಳು ಸಿಕ್ಕಿ ಹೋದಾಗ ಕಾರ್ಮಿಕರೆಲ್ಲ ಗೇಟಿನ ಮುಂದೆ ಧರಣಿ ಕೂತಿದ್ದರು. ಅವತ್ತು ಬಂದ ನಿಷೇಧಾಜ್ಞೆ ಮುಗಿಯುವ ಹೊತ್ತಿಗೆ ಇನ್ನೊಂದು, ಅದು ಮುಗಿಯುವ ಹೊತ್ತಿಗೆ ಮತ್ತೊಂದು.

ವೇಣಿ ಲಗ್ಗೆರೆಯವಳು. ಕಾಲೇಜಿಗೆ ಬಸ್ಸು ಬದಲಿಸುವುದು ಆ ಅಂಗಡಿಯ ಹತ್ತಿರವೇ. ಮೊದಲು ಜಗಳವಾಡಲು ಹೋದಳು. ಆಮೇಲೆ ಟೀಗೆ. ಆಮೇಲೆ... ಸುಮ್ಮನೆ!

"ಲಾಯರಮ್ಮ ಬಂದ್ರು, ಜಾಗ ಬಿಡ್ರೋ," ಎನ್ನುತ್ತಿದ್ದ ಅವನು. ಪ್ರತಿಸಲ ಜಾಗ ಬಿಡುತ್ತಿದ್ದವನು ಮಾತ್ರ ಅವನೇ.

ಒಂದು ದಿನ ಕೇಳಿದಳು. "ಪೊಲೀಸರು ದಿನಾ ಬಂದು ಎಣಿಸ್ತಾರಾ?"

"ಮೊದಮೊದಲು ಎಣಿಸ್ತಿದ್ರು. ಈಗ ಬರೋದೇ ಅಪರೂಪ. ನಾವೇ ಎಣಿಸ್ಕೋತೀವಲ್ಲ, ಅವರಿಗ್ಯಾಕೆ ಸುಮ್ನೆ ತೊಂದ್ರೆ!"

ಅವನು ನಕ್ಕ. ವೇಣಿಗೆ ನಗು ಬರಲಿಲ್ಲ.

ಕಾಲೇಜಿನಲ್ಲೂ ಅದೇ ಅಲ್ಲವೇ? ಅಣಕು ನ್ಯಾಯಾಲಯದ ಸ್ಪರ್ಧೆಗೆ ಅವಳು ಕೊಟ್ಟ ನಿಷೇಧಾಜ್ಞೆಯ ವಿಷಯವನ್ನು ಮೇಷ್ಟ್ರು "ಸದ್ಯಕ್ಕೆ ಬೇಡಮ್ಮ" ಎಂದು ಬದಿಗಿಟ್ಟಿದ್ದರು. ಗೆಳತಿ ಕೃಪಾ ಫೋನಿನಲ್ಲಿ ತನ್ನ ಹಳೆಯ ಪೋಸ್ಟುಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತಿದ್ದಳು.

"ಯಾರಾದ್ರೂ ಏನಾದ್ರೂ ಅಂದ್ರೇನೇ?"

"ಇಲ್ಲ ಕಣೇ. ಅನ್ನೋಕ್ಮುಂಚೆನೇ..."

ಯಾರೂ ಏನೂ ಅಂದಿರಲಿಲ್ಲ. ಅದಕ್ಕೇ ವೇಣಿಗೆ ಹೆಚ್ಚು ಭಯ. ಸರ್ವಾಧಿಕಾರ ಎಂದರೆ ಬೂಟುಗಳ ಸದ್ದು ಎಂದುಕೊಂಡಿದ್ದಳು. ಇಲ್ಲಿ ಸದ್ದೇ ಇಲ್ಲ! ಮನೆಗೆ ಬಂದರೆ ಅಮ್ಮ ಸುಬ್ಬಲಕ್ಷ್ಮಮ್ಮ ಕೂಡ ಟೀವಿಯ ಸದ್ದು ತಗ್ಗಿಸಿ ಹೇಳುತ್ತಿದ್ದರು. "ಮದುವೆ ಆಗ್ಬೇಕಿರೋ ಹುಡುಗಿ, ಇಂಥದ್ದೆಲ್ಲ ಜೋರಾಗಿ ಮಾತಾಡ್ಬೇಡ."

"ಒಂದೇ ಒಂದು ದಿನ ಎಣಿಸದೇ ಟೀ ಕುಡಿಯೋಣ್ವಾ?" ಎಂದಳು ಲಿಖಿತ್‌ಗೆ.

ಅವನು ಅವಳ ಮುಖವನ್ನೇ ನೋಡಿದ. "ಹೂಂ" ಎಂದ. ಹಿಂದುಮುಂದು ಕೇಳಲಿಲ್ಲ. ಆ ಒಂದು 'ಹೂಂ'ಗೇ ಅವಳು ಸೋತುಹೋಗಿದ್ದಳು!

ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಬಂದರು. ಘೋಷಣೆಯಿಲ್ಲ, ಬಾವುಟವಿಲ್ಲ. ಕೈಯಲ್ಲಿ ಟೀ ಗ್ಲಾಸು, ಅಷ್ಟೇ. ಮಹಾಂತಮ್ಮ ಬೇಕೆಂದೇ ಬೆನ್ನು ತಿರುಗಿಸಿ ನಿಂತು, "ನಾ ಯಾರನ್ನೂ ನೋಡ್ಲಿಲ್ರಪ್ಪಾ" ಎಂದಳು. ಎಲ್ಲರೂ ನಕ್ಕರು. ಅದೆಷ್ಟು ಚೆಂದದ ನಗು!

ಟೀ ತಣಿಯುವ ಮುಂಚೆ ವ್ಯಾನು ಬಂತು.

ಗಂಡಸರನ್ನೆಲ್ಲ ಹತ್ತಿಸಿದರು. ವೇಣಿಗೆ ಮಾತ್ರ, "ಮನೆಗೆ ಹೋಗಮ್ಮ ನೀನು" ಎಂದರು.

ವ್ಯಾನಿನ ಕಿಟಕಿಯ ಜಾಲರಿಗೆ ಕೈಯಿಟ್ಟು ಅವಳು ಕೂಗಿದಳು. "ಲಿಖಿತ್, ಮುಚ್ಚಳಿಕೆ ಬರ್ಕೊಡು ಅಂತಾರೆ. ಒಂದು ವರ್ಷ ಯಾವ ಗುಂಪಿಗೂ ಸೇರಲ್ಲ ಅಂತ. ಬರ್ಕೊಡ್ಬೇಡ! ಬರ್ಕೊಟ್ರೆ ಟೀ ಕುಡಿದಿದ್ದೇ ತಪ್ಪು ಅಂತ ಒಪ್ಕೊಂಡ ಹಾಗೆ!"

"ಇಲ್ಲ, ಕೊಡಲ್ಲ," ಎಂದ ಅವನು. ಜಾಲರಿಯೊಳಗಿಂದ ಅವನ ಬೆರಳು ಅವಳ ಬೆರಳಿಗೆ ತಾಗಿತು.

ಸಂಜೆಗೆ ಸುದ್ದಿ ಬಂತು. ಮುಚ್ಚಳಿಕೆಗೆ ಮೊದಲು ಸಹಿ ಹಾಕಿದವನೇ ಲಿಖಿತ್! ಅವನನ್ನು ನೋಡಿ ಉಳಿದವರೂ ಹಾಕಿದ್ದರು.

ಅವನು ಫೋನ್ ಮಾಡಿದ. "ವೇಣಿ, ಒಂದು ನಿಮಿಷ..."

"ಮಾತು ಕೊಟ್ಟಿದ್ದೆ ನೀನು."

"ಹೌದು. ಆದ್ರೆ..."

"ನಿನ್ನಂಥವರಿಂದ್ಲೇ ಕಣೋ ಅವರಿಗೆ ಇಷ್ಟು ಧೈರ್ಯ!"

ಅವಳು ಫೋನ್ ಇಟ್ಟಳು. ಉತ್ತರಕ್ಕೂ ಕಾಯಲಿಲ್ಲ. ಮರುದಿನದಿಂದ ಬೇರೆ ದಾರಿಯ ಬಸ್ಸು ಹಿಡಿದಳು. ಕಿಟಕಿಗೆ ಮುಖ ಮಾಡಿ ಅತ್ತಿದ್ದು ಯಾರಿಗೂ ಕಾಣಲಿಲ್ಲ...

ಬೆರಳು ಕಳೆದುಕೊಂಡವನು ಊರಿಗೆ ಹೋದ. ಲಿಖಿತ್‌ನ ಕೆಲಸ ಹೋಯಿತು. ನಿಷೇಧಾಜ್ಞೆಯ ವಿರುದ್ಧ ಯಾರೋ ಹಾಕಿದ್ದ ಅರ್ಜಿ ಮುಂದಕ್ಕೆ, ಮತ್ತೂ ಮುಂದಕ್ಕೆ ಹೋಯಿತು. ಏನೂ ಬದಲಾಗಲಿಲ್ಲ. ವೇಣಿ ಪರೀಕ್ಷೆ ಬರೆದಳು, ಪಾಸಾದಳು. ಪುಸ್ತಕದಲ್ಲಿ ಹಕ್ಕುಗಳೆಲ್ಲ ಹಾಗೇ ಇದ್ದವು.

ವಕೀಲಳಾಗಿ ಸನ್ನದು ಪಡೆದ ದಿನ ಹೊಸ ಕರಿಕೋಟು ತೋಳ ಮೇಲೆ ಹಾಕಿಕೊಂಡು ಯಾಕೋ ಮಹಾಂತಮ್ಮನ ಅಂಗಡಿಗೆ ಬಂದಳು.

"ಯವ್ವಾ, ಲಾಯರಮ್ಮ!" ಮಹಾಂತಮ್ಮ ಕೋಟನ್ನು ಮುಟ್ಟಿ ನೋಡಿದಳು. "ಅಂವಾ ಮುಚ್ಚಳಿಕಿ ಕೊಟ್ಟಿದ್ದು ವ್ಯರ್ಥ ಆಗ್ಲಿಲ್ಲ ಬಿಡು."

"ಏನಂದ್ರಿ?"

"ನಿನಗ ಗೊತ್ತಿಲ್ಲೇನ? ಅವತ್ತ ಠಾಣೆಗೆ ಚಾ ಒಯ್ದಿದ್ದೆ. ನನ್ನ ಮುಂದನಽ ಪೊಲೀಸರು ಅವಂಗ ಅಂದ್ರು... 'ನೀ ಸಹಿ ಮಾಡ್ಲಿಲ್ಲಂದ್ರ ಆ ಹುಡುಗಿ ಹೆಸರು ಕೇಸಿನ್ಯಾಗ ಮೊದಲು ಹಾಕ್ತೀವಿ, ಜನ್ಮದಾಗ ಸನ್ನದು ಸಿಗೂದಿಲ್ಲ, ನೋಡು ಮತ್ತ' ಅಂತ. ಅಷ್ಟೊತ್ತು ಕಲ್ಲಿನಂಗ ಕುಂತಿದ್ದಾಂವ ಪೆನ್ನು ಇಸ್ಕೊಂಡ. ನಿನಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ದ. ಇವತ್ತ ನಿನ್ನ ಕೋಟು ನೋಡಿ ತಡಿಲಾಕ ಆಗ್ಲಿಲ್ಲ."

ವೇಣಿ ಸುತ್ತಲೂ ಕಣ್ಣಾಡಿಸಿದಳು.

"ಎಲ್ಲಿದಾನೆ ಈಗ?"

ಮಹಾಂತಮ್ಮ ಸೌಟಿನಿಂದ ರಸ್ತೆಯಾಚೆ ತೋರಿಸಿದಳು. ಗೋದಾಮಿನ ಗೋಡೆಗೆ ಒರಗಿ, ಒಬ್ಬನೇ, ಟೀ ಕುಡಿಯುತ್ತಿದ್ದ ಲಿಖಿತ್. "ಅಲ್ಲೇ ಲೋಡಿಂಗ್ ಕೆಲಸ. ಇಲ್ಲಿಗೆ ಬರೂದಿಲ್ಲ. 'ಪೊಲೀಸರ ಕಣ್ಣು ನನ್ನ ಮ್ಯಾಲೈತಿ, ನಾನು ನಿಂತ್ರ ಉಳಿದವರಿಗೂ ತೊಂದರಿ' ಅಂತಾನ. ಚಾ ನಾನಽ ಆಚಿಗೆ ಕಳಸ್ತೀನಿ."

ವೇಣಿ ರಸ್ತೆ ದಾಟಿದಳು. ಲಾರಿಯೊಂದು ಹಾರ್ನ್ ಬಾರಿಸಿದ್ದು ಅವಳಿಗೆ ಕೇಳಲೇ ಇಲ್ಲ.

"ಕೋಟು ಬಂತಾ?" ಎಂದ ಅವನು. ಇಷ್ಟು ತಿಂಗಳ ಮೇಲೆ ಮೊದಲ ಮಾತು ಅದು! ಸೊರಗಿದ್ದ. ಕಣ್ಣು ಮಾತ್ರ ಅದೇ.

"ಕೇಸ್ ಇದ್ರೆ ಸನ್ನದು ಸಿಗೋದೇ ಇಲ್ಲ ಅಂತ ನಿನಗೆ ಯಾರು ಹೇಳಿದ್ದು?"

ಅವನು ಅಂಗಡಿಯತ್ತ ನೋಡಿದ. "ಹೇಳ್ಬಿಟ್ರಾ ಅಮ್ಮ..."

"ತಡ ಆಗ್ತಿತ್ತು. ಕಷ್ಟ ಆಗ್ತಿತ್ತು. ಓಡಾಡ್ತಿದ್ದೆ! ನನ್ನನ್ನ ಒಂದು ಮಾತು ಕೇಳ್ಬೇಕಿತ್ತಲ್ವಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ! ಅವರೂ ಅದನ್ನೇ ಅಲ್ವೇನೋ ಮಾಡ್ತಿರೋದು? ನಿಮ್ಮ ಒಳ್ಳೇದಕ್ಕೆ ಅಂತ, ನಮ್ಮನ್ನ ಕೇಳದೇ... ನೀನೂ ಹಾಗೇ ಮಾಡಿದ್ರೆ ನಾನು ಇನ್ಯಾರ ಹತ್ರ ಹೋಗ್ಲಿ?"

ಅವನು ತಲೆ ತಗ್ಗಿಸಿದ.

"ತಪ್ಪಾಯ್ತು ಕಣೇ. ನನ್ನ ಕೆಲಸ ಹೋದ್ರೆ ಹೋಗ್ಲಿ ಅಂತಿತ್ತು. ನಿನ್ನ ಹೆಸರು ಅವರ ಬಾಯಲ್ಲಿ ಕೇಳಿದ್ನಲ್ಲ... ಹೆದರ್ಬಿಟ್ಟೆ."

"ನಾನೂ ಕೇಳ್ಲಿಲ್ಲ," ಎಂದಳು ಮೆಲ್ಲಗೆ. "ಫೋನಲ್ಲಿ ಒಂದು ನಿಮಿಷ ಅಂದೆ. ಅದನ್ನೂ ಕೊಡ್ಲಿಲ್ಲ ನಿನಗೆ."

ಕಾರ್ಖಾನೆಯ ಸೈರನ್ ಆಯಿತು. ಎದುರಿಗೆ ಶಿಫ್ಟ್ ಬಿಟ್ಟವರು ನಾಲ್ಕು ನಾಲ್ಕು ಜನವಾಗಿ, ದೂರ ದೂರ ನಡೆದು ಬರುತ್ತಿದ್ದರು. ಯಾರೂ ಹೇಳದೆಯೇ!

"ಇದು ಸರಿಹೋಗುತ್ತಾ ಲಾಯರಮ್ಮ?"

ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ಕಣೋ. ನನಗೇನೂ ಹಾಗೆ ಕಾಣ್ತಿಲ್ಲ," ಎಂದಳು. "ನೀನಿಲ್ದೇ ಇದನ್ನ ನೋಡ್ತಾ ಕೂರೋಕೆ ಮಾತ್ರ ನನ್ನ ಕೈಲಿ ಆಗಲ್ಲ. ಅದಂತೂ ಗೊತ್ತಾಗೋಗಿದೆ."

ಅವನ ಕಣ್ಣು ತುಂಬಿತು. ಗ್ಲಾಸಿನಲ್ಲಿ ಉಳಿದಿದ್ದ ಅರ್ಧ ಟೀಯನ್ನು ಅವಳತ್ತ ಚಾಚಿದ. ಅವಳು ಒಂದು ಗುಟುಕು ಕುಡಿದು, ಗೋಡೆಗೊರಗಿ ಅವನ ಪಕ್ಕಕ್ಕೇ ನಿಂತಳು. ಭುಜಕ್ಕೆ ಭುಜ ತಾಗಿತು.

ಅವನು ಆಚೀಚೆ ನೋಡಿ ಪಿಸುಗುಟ್ಟಿದ. "ಇಬ್ಬರು ನಿಂತ್ರೆ ಅಡ್ಡಿ ಇಲ್ಲ ತಾನೇ?"

"ಇವತ್ತಿಗೆ ಇಲ್ಲ," ಎಂದಳು ವೇಣಿ. ಅವನ ಕೈ ಹಿಡಿದಳು.